ಚಿಕ್ಕ ಮಕ್ಕಳನ್ನ ಸೇಬಿನ ತೋಟಕ್ಕೆ ಕರ್ಕೊಂಡು ಹೋಗೋದು: ಯಾವಾಗ, ಎಷ್ಟು ಹೊತ್ತು, ಎಷ್ಟು ದೊಡ್ಡ ಚೀಲ?

ತಿಪಟೂರು_ಸೊಸೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್‌ನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಒಂದೂವರೆ. ದುಡ್ಡು ಕೊಟ್ಟು ನಾವೇ ಹಣ್ಣು ಬಿಡಿಸ್ಕೊಂಡು ಬರೋ ಸೇಬಿನ ತೋಟಗಳು ಸ್ಟೋ, ಬೋಲ್ಟನ್, ಹಾರ್ವರ್ಡ್ ಊರುಗಳಲ್ಲಿವೆ, ಎಲ್ಲ ನಮಗೆ ಹತ್ತಿರ.

ಹೋದ ವರ್ಷ ಅಕ್ಟೋಬರ್ ಎರಡನೇ ಸೋಮವಾರದ ರಜೆ ಬರುತ್ತಲ್ಲ, ಅದರ ಹಿಂದಿನ ಶನಿವಾರ ಒಂದು ತೋಟಕ್ಕೆ ಹೋಗಿದ್ವಿ. ರಸ್ತೆ ಮೇಲೇ ಕಾರುಗಳ ಸಾಲು, ಒಳಗೆ ಸೇರೋಕೆ ಒಂದೂಕಾಲು ಗಂಟೆ ಹಿಡೀತು. ತಲೆಗಿಷ್ಟು ಅಂತ ದುಡ್ಡು, ಎದೆಗೆ ಕಟ್ಟಿಕೊಂಡಿದ್ದ ಕೂಸನ್ನೂ ಸೇರಿಸಿ. ಮಕ್ಕಳ ಕೈಗೆಟುಕೋ ಎತ್ತರದಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ. ಮಗಳು ಕೆಳಗೆ ಬಿದ್ದಿದ್ದನ್ನ ಎತ್ತಿ ಕಚ್ಚಿದಳು. ಅಲ್ಲಿ ಕೆಲಸಕ್ಕಿದ್ದವರೊಬ್ಬರು ಮಗು ಅಂತಲೂ ನೋಡದೆ ಗದರಿದ್ರು. ಮನೆಗೆ ಬರೋವರೆಗೂ ಅವಳ ಅಳು ನಿಲ್ಲಲಿಲ್ಲ. ತಂದ ಅರ್ಧ ಬುಷೆಲ್ (ಸುಮಾರು ಒಂಬತ್ತು ಕೆಜಿ) ಹಣ್ಣಲ್ಲಿ ಮುಕ್ಕಾಲು ಪಾಲು ಮೆತ್ತಗಾಗಿ ಗೊಬ್ಬರದ ಬುಟ್ಟಿ ಸೇರ್ತು.

ಈ ವರ್ಷ ತಿಪಟೂರಿಂದ ಅತ್ತೆ ಬಂದಿದ್ದಾರೆ. ತೆಂಗಿನ ತೋಟದಲ್ಲೇ ಜೀವಮಾನ ಕಳೆದವರು, ಈಗ ಮಂಡಿನೋವು. ಸೇಬನ್ನ ಗಾಡಿ ಮೇಲೆ ನೋಡಿದ್ದಾರೇ ಹೊರತು ಮರದ ಮೇಲೆ ನೋಡಿಲ್ಲ. "ದುಡ್ಡೂ ಕೊಟ್ಟು ಕೂಲಿನೂ ನಾವೇ ಮಾಡ್ಬೇಕೇನಮ್ಮ?" ಅಂದ್ರು. ಆದ್ರೆ ಮರ ನೋಡೋ ಆಸೆ ಅವರಿಗಿದೆ ಅಂತ ನಂಗೊತ್ತು. ಯಜಮಾನರು ಮಾತ್ರ ಬೇಡವೇ ಬೇಡ ಅಂತಿದ್ದಾರೆ. ಅನುಭವ ಇರೋರು ದಯವಿಟ್ಟು ಹೇಳಿ.

ಶನಿವಾರ_ಸೈಕಲ್

ಆ ರಜೆಯ ವಾರಾಂತ್ಯ ಒಂದು ಬಿಟ್ಟು ಬೇರೆ ಯಾವತ್ತಾದ್ರೂ ಹೋಗಿ. ಅರ್ಧ ತಾಪತ್ರಯ ಅಲ್ಲೇ ಕಳೀತು.

ಅವಳಿಜವಳಿ_ಅಮ್ಮ

ಖಂಡಿತ ಹೋಗಿ. ನಾನು ಇಬ್ಬರು ಅವಳಿ ಮಕ್ಕಳನ್ನ ಅವರಿಗೆ ಒಂದು ವರ್ಷ ಆದಾಗಿಂದ ಕರ್ಕೊಂಡು ಹೋಗ್ತಿದೀನಿ, ಈಗ ಆರು ವರ್ಷ. ಮೊದಲ ಸಲ ನಾನೂ ನಿಮ್ಮ ಹಾಗೇ ಅತ್ತಿದ್ದೆ.

ಸೆಪ್ಟೆಂಬರ್ ಮಧ್ಯದಲ್ಲೇ ಹೋಗ್ಬಿಡಿ, ಅಕ್ಟೋಬರ್‌ವರೆಗೆ ಕಾಯಬೇಡಿ. ರಜೆ ಹಾಕೋಕಾದ್ರೆ ವಾರದ ದಿನ, ಬೆಳಿಗ್ಗೆ ಗೇಟು ತೆಗೆಯೋ ಹೊತ್ತಿಗೇ. ಒಂದೂವರೆ ವರ್ಷದ ಮಗು ಮಧ್ಯಾಹ್ನ ಮಲಗೋ ಹೊತ್ತಿಗೆ ನೀವು ವಾಪಸ್ ಕಾರಲ್ಲಿರ್ಬೇಕು. ತೋಟದೊಳಗೆ ಒಂದು ಗಂಟೆ ಸಾಕು. ಆ ವಯಸ್ಸಿನ ಮಗುವಿಗೆ ಹತ್ತು ಹಣ್ಣು ಬಿಡಿಸೋ ಅಷ್ಟೇ ಉತ್ಸಾಹ, ಆಮೇಲೆ ಮಣ್ಣು, ಕಡ್ಡಿ, ಟ್ರ್ಯಾಕ್ಟರ್ ಕಡೆ ಮನಸ್ಸು ಹೋಗುತ್ತೆ. ಹೋಗ್ಲಿ ಬಿಡಿ.

ಚೀಲ ಚಿಕ್ಕದು ತಗೊಳ್ಳಿ. ಪೆಕ್ ಅಂತ ಸಿಗುತ್ತೆ, ಬುಷೆಲ್‌ನ ಕಾಲು ಭಾಗ, ಸುಮಾರು 10 ಪೌಂಡು, ಅಂದ್ರೆ ನಾಲ್ಕೂವರೆ ಕೆಜಿ. ನಿಮ್ಮ ಮನೆಗೆ ಅದೇ ಜಾಸ್ತಿ. ಅರ್ಧ ಬುಷೆಲ್ ಅಂದ್ರೆ 20 ಪೌಂಡು. ಅದನ್ನ ಹೊತ್ಕೊಂಡು ಒಂದು ಮಗುನೂ ಎತ್ಕೊಂಡು ನಡೆಯೋದು ಹಿಂಸೆ.

ಪುಟ್ಟ ಚಕ್ರದ ಸ್ಟ್ರಾಲರ್ ಹುಲ್ಲಲ್ಲಿ ಹೂತ್ಕೊಳುತ್ತೆ, ದೊಡ್ಡ ಚಕ್ರದ್ದಿದ್ರೆ ತಗೊಂಡು ಹೋಗಿ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇರುತ್ತೆ, ಮಕ್ಕಳಿಗೆ ರಬ್ಬರ್ ಬೂಟು ಹಾಕಿ, ಇನ್ನೊಂದು ಜೊತೆ ಕಾಲುಚೀಲ ಕಾರಲ್ಲಿರಲಿ.

ಹಳ್ಳಿಮನೆ77

ನಾನು ಬೇರೆ ಥರ ಯೋಚಿಸ್ತೀನಿ. ಅಂಗಡಿಯಲ್ಲಿ ಸಿಗೋ ಹಣ್ಣಿಗೆ ಎರಡರಷ್ಟು ದುಡ್ಡು ಕೊಟ್ಟು, ಬಿಸಿಲಲ್ಲಿ ನಿಂತು ಫೋಟೋ ತೆಗೆಸ್ಕೊಂಡು ಬರೋದು. ಆಮೇಲೆ ಹುಲ್ಲಿನ ಬಂಡಿಗೊಂದು ಟಿಕೆಟ್ಟು, ಜೋಳದ ಹೊಲದೊಳಗೆ ದಾರಿ ಹುಡುಕೋ ಆಟಕ್ಕೊಂದು ಟಿಕೆಟ್ಟು, ಡೋನಟ್‌ಗೆ ಸಾಲು. ಇದು ಜಾತ್ರೆ ಆಯ್ತೇ ವಿನಾ ತೋಟ ಆಗಲಿಲ್ಲ. ನಮ್ಮಜ್ಜಿ ಮನೆಯಲ್ಲಿ ನಾವು ನೇರಳೆ ಮರದ ಕೆಳಗೆ ಬಾಯಿ ನೀಲಿ ಮಾಡ್ಕೊಂಡು ಬೆಳೆದವರು. ಅದನ್ನ ದುಡ್ಡು ಕೊಟ್ಟು ತರೋಕಾಗುತ್ತಾ?

ಅವಳಿಜವಳಿ_ಅಮ್ಮ

@ಹಳ್ಳಿಮನೆ77 ಆಗಲ್ಲ, ಒಪ್ತೀನಿ. ಆದ್ರೆ ನಮ್ಮ ಮಕ್ಕಳಿಗೆ ಇಲ್ಲಿ ಅಜ್ಜಿ ಮನೆ ನೇರಳೆ ಮರ ಎಲ್ಲಿದೆ ಹೇಳಿ? ನನ್ನ ಮಗ ನಾಲ್ಕು ವರ್ಷದವರೆಗೆ ಹಣ್ಣು ಅಂದ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರೋದು ಅಂದ್ಕೊಂಡಿದ್ದ. ಬಂಡಿ, ಡೋನಟ್ ಬೇಡ ಅಂದ್ರೆ ಬಿಟ್ಬಿಡಿ, ಯಾರೂ ಬಲವಂತ ಮಾಡಲ್ಲ. ಬರೀ ಮರಗಳಿರೋ ಚಿಕ್ಕ ತೋಟಗಳೂ ಬೇಕಾದಷ್ಟಿವೆ.

ಕಸಿಗಾರ

ನಾನು ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲಿದೀನಿ. ಓದಿದ್ದು ಕೃಷಿ, ಮಾಡೋ ಕೆಲಸ ಬೇರೆ, ನಾಲ್ಕು ವರ್ಷದಿಂದ ಶರತ್ಕಾಲದ ವಾರಾಂತ್ಯಗಳಲ್ಲಿ ಒಂದು ಸೇಬಿನ ತೋಟದಲ್ಲಿ ಕೈಜೋಡಿಸ್ತೀನಿ. ಅಲ್ಲಿ ಕಂಡಿದ್ದನ್ನ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಸೇಬು ಎಲ್ಲ ಒಂದೇ ಸಲ ಹಣ್ಣಾಗಲ್ಲ. ನಿಮ್ಮ ಕಡೆ ಮ್ಯಾಕಿಂಟಾಷ್ ಅನ್ನೋ ತಳಿ ಸೆಪ್ಟೆಂಬರ್ ಮೊದಲ ಎರಡು ಮೂರು ವಾರ. ಗಾಲಾ, ಹನಿಕ್ರಿಸ್ಪ್ ಹೆಚ್ಚುಕಡಿಮೆ ಅದರ ಜೊತೆಗೇ. ಕಾರ್ಟ್‌ಲ್ಯಾಂಡ್, ಎಂಪೈರ್, ಮಕೌನ್ ತಿಂಗಳ ಕೊನೆ ಕಡೆಗೆ. ಫ್ಯೂಜಿ ಅಕ್ಟೋಬರ್ ಕೊನೆಗೆ. ಹನಿಕ್ರಿಸ್ಪ್‌ಗೆ ಜನ ಮುಗಿಬೀಳ್ತಾರೆ. ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ತಳಿ ಅದು, ಕಚ್ಚಿದ್ರೆ ಕರುಂ ಅನ್ನುತ್ತೆ, ಮೊದಲು ಖಾಲಿಯಾಗೋದೂ ಅದೇ. ಮಕ್ಕಳಿರೋರು ಅದರ ಹಿಂದೆ ಓಡೋ ಬದಲು ಮರ ಗಿಡ್ಡ ಇರೋ ಸಾಲು ಯಾವುದು ಅಂತ ಗೇಟಲ್ಲೇ ಕೇಳಿ. ಈಗಿನ ತೋಟಗಳಲ್ಲಿ ಗಿಡ್ಡ ಬೇರುಕಾಂಡದ ಮೇಲೆ, ಅಂದ್ರೆ ಮರ ಎತ್ತರ ಆಗದ ಹಾಗೆ ತಡೆಯೋ ಬುಡದ ಗಿಡದ ಮೇಲೆ, ಕಸಿ ಮಾಡಿರ್ತಾರೆ, ಮರ ಆಳೆತ್ತರದಿಂದ ಸ್ವಲ್ಪ ಮೇಲೆ ಅಷ್ಟೇ. ನಿಮ್ಮ ಮಗಳ ಸೊಂಟದ ಮಟ್ಟಕ್ಕೂ ಹಣ್ಣು ತೂಗ್ತಿರುತ್ತೆ. ಆದ್ರೆ ಅಂಥ ಮರದ ಬೇರು ಆಳಕ್ಕಿಳಿದಿರಲ್ಲ, ಕಂಬ ತಂತಿ ಆಸರೆಯಲ್ಲೇ ನಿಂತಿರುತ್ತೆ. ಹತ್ತೋದು, ಕೊಂಬೆ ಹಿಡಿದು ಜೋತಾಡೋದು ಬೇಡವೇ ಬೇಡ.

ಹಣ್ಣು ಬಿಡಿಸೋ ರೀತಿ ಮಗುವಿಗೆ ಮೊದಲೇ ತೋರಿಸಿಕೊಡಿ. ಎಳೀಬಾರ್ದು. ಹಣ್ಣನ್ನ ಅಂಗೈಯಲ್ಲಿ ಕೂರಿಸ್ಕೊಂಡು ಮೇಲಕ್ಕೆ ಎತ್ತಿ ಸ್ವಲ್ಪ ತಿರುಗಿಸಿದ್ರೆ ತೊಟ್ಟಿನ ಸಮೇತ ಬರುತ್ತೆ. ಬಲಿತ ಹಣ್ಣಾದ್ರೆ ತಾನೇ ಕೈಗೆ ಬರುತ್ತೆ, ಬರದಿದ್ರೆ ಇನ್ನೂ ಕಾಯಿ ಅಂತ ಬಿಡಿ. ಇದರಲ್ಲಿ ಹಣ್ಣಿಗಿಂತ ದೊಡ್ಡ ವಿಷಯ ಇದೆ. ತೊಟ್ಟು ಕೊಂಬೆ ಸೇರೋ ಜಾಗದಲ್ಲಿ ಗಂಟುಗಂಟಾದ ಒಂದು ಗಿಡ್ಡ ಕಡ್ಡಿ ಇರುತ್ತೆ. ಅದರ ಮೇಲೆ ಮುಂದಿನ ವರ್ಷದ ಹೂಮೊಗ್ಗು ಈಗಾಗ್ಲೇ ಕೂತಿರುತ್ತೆ, ಬೇಸಿಗೆಯಲ್ಲೇ ಕಟ್ಟಿರುತ್ತೆ. ಜಗ್ಗಿದ್ರೆ ಅದೂ ಕಿತ್ಕೊಂಡು ಬರುತ್ತೆ. ಒಂದು ಹಣ್ಣಿನ ಆಸೆಗೆ ಮುಂದಿನ ವರ್ಷದ ಹಣ್ಣೂ ಹೋಯ್ತು.

ಬಣ್ಣ ಮಾತ್ರ ನೋಡಿ ಮೋಸ ಹೋಗ್ಬೇಡಿ. ಕೆಂಪಿನ ಹಿಂದಿರೋ ತಳದ ಬಣ್ಣ ಹಸಿರಿಂದ ಹಳದಿಗೆ ತಿರುಗಿರ್ಬೇಕು. ಮರದ ಹೊರಸುತ್ತಿನಲ್ಲಿ, ಬಿಸಿಲು ಬೀಳೋ ಕಡೆ ಮೊದಲು ಹಣ್ಣಾಗುತ್ತೆ.

ಬಸವನಗುಡಿ_ಬಿಸಿಲು

ಶೀರ್ಷಿಕೆ ನೋಡಿ ಬಂದೆ, ಕಸಿಗಾರರ ಬರಹ ಎರಡು ಸಲ ಓದಿದೆ. ಮೊಗ್ಗಿನ ವಿಷಯ ಗೊತ್ತೇ ಇರಲಿಲ್ಲ.

ಗಂಧದಕೊರಡು

ಒಂದು ಸಣ್ಣ ಸಂದೇಹ ಕೇಳ್ತೀನಿ. ಎಲ್ಲರೂ ಇಲ್ಲಿ "ಬಿಡಿಸೋದು" ಅಂತ ಬರೀತಿದೀರಿ. ನಮ್ಮನೇಲಿ "ಆ್ಯಪಲ್ ಕೀಳೋಕೆ ಹೋಗೋಣ" ಅಂತಾನೇ ಹೇಳ್ತಿದ್ವಿ. ಯಾವುದು ಸರಿ?

ಧಾರವಾಡ_ಮಳೆ

ನಮ್ಮ ಕಡೆ ಹೂವು ಹರೀತಾರ, ಹತ್ತಿ ಬಿಡಸ್ತಾರ, ಶೇಂಗಾ ಕೀಳ್ತಾರ. ಕೀಳೂದು ಅಂದ್ರ ಬೇರು ಸಮೇತ ಕಿತ್ತು ತಗಿಯೂದು. ಹಂಗ ನೋಡಿದ್ರ ಸೇಬಿಗೆ "ಬಿಡಸೂದು" ಅನ್ನೂದ ಛಲೋ.

ಕುಂದಾಪ್ರ_ಕಡಲು

ನಮ್ಮ ಬದಿಗೆ ಹೂವೂ "ಕೊಯ್ಯುದು", ಮಾವಿನಕಾಯಿಯೂ "ಕೊಯ್ಯುದು". ಕೈಯಲ್ಲಿ ಕತ್ತಿ ಇರಬೇಕು ಅಂತೇನಿಲ್ಲ.

ಹಳ್ಳಿಮನೆ77

ಮೈಸೂರು ಕಡೆ "ಹೂ ಕೀಳೋದು" ಅಂತ ನಮ್ಮಮ್ಮ ದಿನಾ ಹೇಳ್ತಾರೆ. ಅವರೇನು ಗಿಡ ಬೇರು ಸಮೇತ ಕೀಳಲ್ಲ. ತಪ್ಪು ಅನ್ನಬೇಡಿ.

ಧಾರವಾಡ_ಮಳೆ

ತಪ್ಪು ಅಂದಿಲ್ರೀ. ಸಣ್ಣ ಹುಡುಗರಿಗೆ "ಕೀಳಬ್ಯಾಡ, ಬಿಡಸು" ಅಂದ್ರ ಕೈ ಹೆಂಗ ನಡಸಬೇಕು ಅನ್ನೂದು ಆ ಮಾತಿನಾಗ ತಿಳಿತೈತಿ, ಅಷ್ಟ ನಾ ಹೇಳೂದು.

ಅಡಿಕೆತೋಟದ_ಹುಡುಗಿ

ಇದು ಚೆನ್ನಾಗಿದೆ. ನಾವು ಶಿರಸಿಯವರು, ಈಗ ನ್ಯೂಜೆರ್ಸಿ. ನಾನು ಮಗಳಿಗೆ ಕನ್ನಡ ಕಲಿಸೋದಕ್ಕೆ ಆ ಒಂದು ಗಂಟೆಯನ್ನ ಪೂರ್ತಿ ಬಳಸ್ಕೋತೀನಿ. ತೊಟ್ಟು, ಕೊಂಬೆ, ಚಿಗುರು, ಕಾಯಿ, ದೋರೆಗಾಯಿ, ಹಣ್ಣು. ದೋರೆಗಾಯಿ ಅನ್ನೋ ಪದ ಪುಸ್ತಕದಲ್ಲಿ ತೋರಿಸಿದ್ರೆ ಅರ್ಥ ಆಗಲ್ಲ, ಅರ್ಧ ಹಸಿರು ಅರ್ಧ ಕೆಂಪು ಹಣ್ಣು ಕೈಗಿಟ್ರೆ ಆ ಕ್ಷಣಕ್ಕೇ ಬಂತು.

ಮಕ್ಕಳ_ವಾರ್ಡು

ನಾನು ಮಕ್ಕಳ ವಿಭಾಗದಲ್ಲಿ ನರ್ಸ್. ಯಾರೂ ಹೇಳದ ವಿಷಯ ಒಂದಿದೆ. ಒಂದೂವರೆ ವರ್ಷದ ಮಗುವಿನ ಕೈಗೆ ಇಡೀ ಸೇಬು ಕೊಟ್ಟು "ಕಚ್ಚು" ಅನ್ನಬೇಡಿ. ಮುಂದಿನ ಹಲ್ಲಲ್ಲಿ ಚೂರು ಕತ್ತರಿಸೋಕೆ ಬರುತ್ತೆ, ಅರೆಯೋಕೆ ಬರಲ್ಲ. ಗಟ್ಟಿ ಹಸಿ ಸೇಬಿನ ಚೂರು ಗಂಟಲಿಗೆ ಸಿಕ್ಕಿಕೊಳ್ಳೋ ಪದಾರ್ಥಗಳಲ್ಲೊಂದು. ನಾಲ್ಕು ವರ್ಷದವರೆಗೂ ಹುಷಾರಾಗಿರಿ ಅಂತ ಇಲ್ಲಿನ ಮಕ್ಕಳ ವೈದ್ಯರು ಹೇಳ್ತಾರೆ. ಅಂದ್ರೆ ನಿಮ್ಮ ಮೂರೂವರೆ ವರ್ಷದವಳೂ ಅದರಲ್ಲಿ ಬಂದಳು. ಚಿಕ್ಕವನಿಗೆ ತುರಿದು ಅಥವಾ ಬೇಯಿಸಿ ಕೊಡಿ, ದೊಡ್ಡವಳಿಗೆ ಕಾಗದದಷ್ಟು ತೆಳ್ಳಗೆ ಹೆಚ್ಚಿ, ಕೂರಿಸಿ ಕೊಡಿ. ಓಡ್ತಾ ಓಡ್ತಾ ತಿನ್ನೋದು ಬೇಡ.

ಎರಡನೇದು ಸೈಡರ್. ಅಮೆರಿಕದಲ್ಲಿ ಸೈಡರ್ ಅಂದ್ರೆ ಸೋಸದ ಸೇಬಿನ ರಸ, ಮದ್ಯ ಅಲ್ಲ. ಅತ್ತೆಯವರಿಗೂ ಹೇಳಿ, ಹೆಸರು ಕೇಳಿ ಗಾಬರಿ ಆಗದಿರಲಿ. ಆದ್ರೆ ಪಾಶ್ಚರೀಕರಿಸಿದ್ದೋ (ಬಿಸಿ ಮಾಡಿ ರೋಗಾಣು ಕೊಂದಿದ್ದೋ) ಅಲ್ಲವೋ ಕೇಳಿಯೇ ಕುಡಿಸಿ. 1996ರಲ್ಲಿ ಹಾಗೆ ಮಾಡದ ಸೇಬಿನ ರಸದಿಂದ ಇ.ಕೋಲೈ ಬ್ಯಾಕ್ಟೀರಿಯಾ ಹರಡಿ ಎಷ್ಟೋ ಮಕ್ಕಳು ಆಸ್ಪತ್ರೆ ಸೇರಿದ್ರು, ಒಂದು ಮಗು ತೀರಿಕೊಂಡಿತು. ಆಮೇಲೆ 1998ರಿಂದ ಬಾಟಲಿ ಮೇಲೆ ಎಚ್ಚರಿಕೆ ಬರೀಬೇಕು ಅಂತ ನಿಯಮ ಬಂತು. ಅದರಲ್ಲಿ ಮಕ್ಕಳ ಜೊತೆ ವಯಸ್ಸಾದವರನ್ನೂ ಹೆಸರಿಸಿದ್ದಾರೆ. ತೋಟದಲ್ಲಿ ಲೋಟದಲ್ಲಿ ಸುರಿದು ಕೊಡೋ ರಸಕ್ಕೆ ಆ ಚೀಟಿ ಇರಲ್ಲ, ಬಾಯಿಬಿಟ್ಟು ಕೇಳ್ಬೇಕು.

ಮೂರನೇದು ಉಣ್ಣೆ, ಅಂದ್ರೆ ಮೈಗೆ ಕಚ್ಚಿ ರಕ್ತ ಹೀರೋ ಟಿಕ್ ಹುಳ. ಜಿಂಕೆ ಉಣ್ಣೆ ನ್ಯೂ ಇಂಗ್ಲೆಂಡಿನಲ್ಲಿ ಅಕ್ಟೋಬರ್, ನವೆಂಬರ್‌ನಲ್ಲೂ ಓಡಾಡ್ತಿರುತ್ತೆ. ಹುಲ್ಲು ಕತ್ತರಿಸಿರೋ ಸಾಲುಗಳಲ್ಲಿ ಕಡಿಮೆ, ಕಾಡಂಚು ಮತ್ತು ಕಲ್ಲುಗೋಡೆ ಹತ್ರ ಜಾಸ್ತಿ. ಮನೆಗೆ ಬಂದು ಸ್ನಾನ ಮಾಡಿಸೋವಾಗ ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ, ಕೂದಲ ಬುಡ ನೋಡಿ.

ಶನಿವಾರ_ಸೈಕಲ್

ಇಷ್ಟೆಲ್ಲ ಓದಿದ್ರೆ ಪಾಪ ಅವರು ಹೋಗೋದೇ ಬಿಡ್ತಾರೆ.

ಮಕ್ಕಳ_ವಾರ್ಡು

ಬಿಡಬಾರದು ಅಂತಲೇ ಬರೆದಿದ್ದು. ಕಣಜದ ವಿಷಯ ಒಂದು ಬಾಕಿ ಇತ್ತು. ಕೊಳೆತ ಹಣ್ಣು ಬಿದ್ದಿರೋ ಕಡೆ, ಕಸದ ಡಬ್ಬಿ ಹತ್ರ ಹಳದಿ ಕಣಜ ಮುತ್ತಿಕೊಂಡಿರುತ್ತೆ. ಡೋನಟ್ ತಿನ್ನೋದಿದ್ರೆ ಕಾರಿನೊಳಗೆ ಕೂತು ತಿನ್ನಿ.

ತಿಪಟೂರು_ಸೊಸೆ

@ಮಕ್ಕಳ_ವಾರ್ಡು ತುಂಬ ಉಪಕಾರ ಆಯ್ತಕ್ಕ. ಹೋದ ವರ್ಷ ಲೋಟದಲ್ಲಿ ಕೊಟ್ಟಿದ್ದನ್ನ ಏನೂ ಕೇಳದೆ ಮಗಳಿಗೆ ಕುಡಿಸಿದ್ದೆ. ತೋಟದಲ್ಲಿ ಹಣ್ಣು ತೊಳೆಯದೆ ತಿನ್ನಬಹುದಾ? ಕೆಲವು ಹಣ್ಣಿನ ಮೇಲೆ ಬಿಳಿ ಪುಡಿ ಥರ ಇತ್ತು.

ಕಸಿಗಾರ

ಬಿಳಿ ಪುಡಿ ಬಹಳ ಸಲ ಕೇಯೊಲಿನ್, ಒಂದು ಬಗೆಯ ಜೇಡಿಮಣ್ಣು. ಹುಳ ಮತ್ತು ಬಿಸಿಲಿನ ಸುಡುವಿಕೆ ತಡೆಯೋಕೆ ಸಿಂಪಡಿಸ್ತಾರೆ. ಆದ್ರೆ ಬೇರೆ ಔಷಧಗಳೂ ಇರುತ್ತೆ, ಹಾಗಾಗಿ ತೊಳೆದೇ ತಿನ್ನಿ. ಒಂದು ಬಾಟಲಿ ನೀರು, ಒಂದು ಬಟ್ಟೆ ಜೊತೆಗಿರಲಿ. ಮನೆಯಲ್ಲಿ ಅಡಿಗೆ ಸೋಡಾ ಹಾಕಿದ ನೀರಲ್ಲಿ ನೆನೆಸಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಗಾಲಾ ಸೇಬಿನ ಮೇಲೆ ಪ್ರಯೋಗ ಮಾಡಿ, ಅವರು ನೋಡಿದ ಎರಡು ಔಷಧಗಳ ಮಟ್ಟಿಗೆ, ಸಿಪ್ಪೆ ಮೇಲಿರೋದು ಹೋಗೋಕೆ 12ರಿಂದ 15 ನಿಮಿಷ ಬೇಕು ಅಂತ ಕಂಡುಕೊಂಡರು. ಸಿಪ್ಪೆಯ ಒಳಗೆ ಇಳಿದಿದ್ದು ಅದರಿಂದಲೂ ಪೂರ್ತಿ ಹೋಗಲ್ಲ.

ಬಾದಾಮಿ_ಹಾಲು

ತೋಟದೊಳಗೆ ತಿನ್ನೋ ವಿಷಯ ಬಂತಲ್ಲ, ಇದನ್ನ ಹೇಳ್ಲೇಬೇಕು. ಹೋದ ವಾರ ಒಂದು ದೊಡ್ಡ ಗುಂಪು, ನಮ್ಮವರೇ, ಮರದ ಕೆಳಗೆ ಚಾಪೆ ಹಾಸಿ, ಚಾಕು ಉಪ್ಪು ಖಾರದಪುಡಿ ಇಟ್ಕೊಂಡು ಸೇಬು ಹೆಚ್ಚಿ ಹೆಚ್ಚಿ ತಿಂತಿದ್ರು. ಮಕ್ಕಳು ಒಂದು ಕಚ್ಚಿ ಎಸೆದು ಇನ್ನೊಂದು ತಗೊಳ್ತಿದ್ರು. ಇಡೀ ಗುಂಪಿಗೆ ಒಂದೇ ಚೀಲ. ನೋಡಿ ನಾಚಿಕೆ ಆಯ್ತು ನಂಗೆ.

ಹಳ್ಳಿಮನೆ77

"ನಮ್ಮವರೇ" ಅಂತ ಯಾಕೆ ಸೇರಿಸಿದ್ರಿ? ಬೇರೆಯವರು ಕಚ್ಚಿ ಎಸೆದಿದ್ದನ್ನ ನೀವು ನೋಡೇ ಇಲ್ವಾ? ಯಾರೋ ನಾಲ್ಕು ಜನ ಮಾಡಿದ್ದಕ್ಕೆ ಇಡೀ ಸಮುದಾಯಕ್ಕೆ ಹೆಸರು ಹಚ್ಚೋದು ನಿಲ್ಲಿಸಿ.

ಬಾದಾಮಿ_ಹಾಲು

ನಮ್ಮ ಮನೆ ಮಕ್ಕಳು ತಪ್ಪು ಮಾಡಿದ್ರೆ ನಾವೇ ಹೇಳ್ತೀವಲ್ವಾ, ಆ ಅರ್ಥದಲ್ಲಿ ಹೇಳಿದ್ದು.

ಶನಿವಾರ_ಸೈಕಲ್

ಒಂದು ಹಣ್ಣು ರುಚಿ ನೋಡೋದು ಎಲ್ಲ ಕಡೆ ನಡೆಯುತ್ತೆ. ಅದನ್ನೂ ಕಳ್ಳತನ ಅನ್ನೋ ಹಾಗೆ ಮಾತಾಡಬೇಡಿ. ಚೀಲದ ಬೆಲೆಯಲ್ಲೇ ಅದು ಸೇರಿರುತ್ತೆ.

ಕಸಿಗಾರ

ತೋಟದ ಒಳಗಿಂದ ನೋಡಿದವನಾಗಿ ಹೇಳ್ತೀನಿ. ನಮ್ಮ ತೋಟದಲ್ಲಿ ಒಂದೊಂದು ತಳಿಯ ರುಚಿ ನೋಡೋಕೆ ಅಡ್ಡಿ ಇಲ್ಲ. ಕೆಲವು ತೋಟಗಳಲ್ಲಿ ಒಳಗೆ ತಿನ್ನೋದೇ ಬೇಡ ಅಂತ ಬೋರ್ಡು ಹಾಕಿರ್ತಾರೆ, ಅಲ್ಲಿ ತಿನ್ನಬೇಡಿ. ತೋಟದವರಿಗೆ ಹೊಟ್ಟೆ ಉರಿಯೋದು ತಿಂದಿದ್ದಕ್ಕಲ್ಲ, ಎಸೆದಿದ್ದಕ್ಕೆ. ಭಾನುವಾರ ಸಂಜೆ ಸಾಲುಗಳಲ್ಲಿ ನಡೆದ್ರೆ ಒಂದು ಕಚ್ಚಿ ಬಿಟ್ಟ ಹಣ್ಣು ಮೊಳಕಾಲುದ್ದ ಬಿದ್ದಿರುತ್ತೆ. ಚಳಿಗಾಲದಲ್ಲಿ ಹಿಮದ ಮೇಲೆ ನಿಂತು ಒಂದೊಂದೇ ಕೊಂಬೆ ಸವರಿ, ವಸಂತದಲ್ಲಿ ಹೂವಿಗೆ ಜೇನುಪೆಟ್ಟಿಗೆ ತರಿಸಿ, ಜೂನ್‌ನಲ್ಲಿ ಗೊಂಚಲಿಗೊಂದೆರಡು ಉಳಿಸಿ ಬಾಕಿ ಎಳೆಗಾಯಿ ಕೈಯಲ್ಲೇ ತೆಗೆದು ಬೆಳೆಸಿದ ಹಣ್ಣು ಅದು.

ತಲೆಗಿಷ್ಟು ಅಂತ ದುಡ್ಡು ತಗೊಳ್ಳೋದು ಶುರುವಾಗಿದ್ದೂ ಇದರಿಂದಲೇ. ಆದ್ರೂ ಎದೆಗೂಸಿಗೆ ದುಡ್ಡು ಕೇಳೋದು ಅನ್ಯಾಯ, ಮಗುವನ್ನ ಗದರಿದ್ದಂತೂ ಇನ್ನೂ ತಪ್ಪು. ಅಂಥ ಕಡೆ ಮತ್ತೆ ಹೋಗಬೇಡಿ.

ಮಂಜುಬೀಳೋ_ಊರು

ಹೋಗೋ ದಿನ ಬೆಳಿಗ್ಗೆ ಫೋನ್ ಮಾಡಿ ಇವತ್ತು ಏನು ಹಣ್ಣಾಗಿದೆ, ಎಷ್ಟಿದೆ ಅಂತ ಕೇಳೋದು ಮರೀಬೇಡಿ. ನಾವು ನ್ಯೂ ಹ್ಯಾಂಪ್‌ಷೈರ್. 2023ರಲ್ಲಿ ಇಬ್ಬರು ಮಕ್ಕಳಿಗೆ ತಿಂಗಳಿಂದ ಆಸೆ ಹುಟ್ಟಿಸಿ ಹೋದ್ರೆ ತೋಟ ಖಾಲಿ. ಮೇ 18ರ ಬೆಳಗಿನ ಜಾವ ಬಿದ್ದ ತಡವಾದ ಹಿಮಕ್ಕೆ ಹೂವು, ಎಳೆ ಪಿಂದೆ ಎಲ್ಲ ಸುಟ್ಟುಹೋಗಿತ್ತು. ತೋಟದ ಯಜಮಾನರು ವಯಸ್ಸಾದವರು, ಮಕ್ಕಳನ್ನ ಖಾಲಿ ಕೈಲಿ ಕಳಿಸೋಕೆ ಮನಸ್ಸಾಗದೆ ತಲಾ ಒಂದು ಕುಂಬಳಕಾಯಿ ಕೊಟ್ಟು ಕಳಿಸಿದ್ರು. ನಮ್ಮೂರಲ್ಲಿ ಆಲಿಕಲ್ಲು ಬಿದ್ದು ಮಾವಿನ ಹೂ ಉದುರಿದಾಗ ನಮ್ಮಪ್ಪ ಜಗಲಿ ಮೇಲೆ ಕೂತಿದ್ದು ನೆನಪಾಯ್ತು.

ಬಸವನಗುಡಿ_ಬಿಸಿಲು

ನಾವು ಬೆಂಗಳೂರಲ್ಲಿರೋರು ಇದನ್ನೆಲ್ಲ ಓದಿ ಆಸೆ ಪಡ್ತೀವಿ ಅಷ್ಟೇ. ಐದು ವರ್ಷದ ಮಗನ್ನ ಹಿಮಾಚಲಕ್ಕೆ ಕರ್ಕೊಂಡು ಹೋದ್ರೆ ಹೀಗೆ ಬಿಡಿಸೋಕೆ ಸಿಗುತ್ತಾ?

ಧಾರವಾಡ_ಮಳೆ

ನಾವು ಆಗಸ್ಟ್ ಕಡೀಕ ಶಿಮ್ಲಾ ದಾಟಿ ನಾರ್ಕಂಡಾ, ಕೋಟ್‌ಗಢ ಕಡೆ ಹೋಗಿದ್ವಿ. 1916ರಾಗ ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನೋ ಅಮೆರಿಕದವರು ಕೆಂಪು ಡೆಲಿಷಿಯಸ್ ಸಸಿ ತಂದು ಹಚ್ಚಿದ ಊರು ಅದು. ಆ ಮನುಷ್ಯಾ ಅಲ್ಲೇ ಮದುವಿ ಆಗಿ, ಸ್ವಾತಂತ್ರ್ಯ ಚಳವಳಿಯೊಳಗ ಜೇಲಿಗೂ ಹೋಗಿ ಬಂದು, ಆಮ್ಯಾಲೆ ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡ. ಅಮೆರಿಕದಾಗಿದ್ದಂಗ ಚೀಲ ಕೊಂಡು ಒಳಗ ಹೋಗೂ ಪದ್ಧತಿ ನಾವು ಹೋದಲ್ಲಿ ಇರಲಿಲ್ರೀ, ತೋಟಾನ ಅವರ ಹೊಟ್ಟಿಪಾಡು. ಉಳಕೊಂಡ ಮನಿಯವರ ತೋಟದಾಗ ಕೇಳಿಕೊಂಡ್ವಿ. ಅವರ ಅವ್ವ ನನ್ನ ಮಗನ ಕೈ ಹಿಡಕೊಂಡು ನಾಕು ಹಣ್ಣು ಬಿಡಿಸಿ ಕೊಟ್ಲು, ರೊಕ್ಕಾ ತಗೊಳ್ಳಲಿಲ್ಲ.

ಕುಂದಾಪ್ರ_ಕಡಲು

ಬೆಂಗಳೂರಿನವರಿಗೆ ಸೇಬೇ ಯಾಕೆ ಬೇಕು? ದೇವನಹಳ್ಳಿ ಚಕ್ಕೋತ ಇದೆ, ಚಿಕ್ಕಬಳ್ಳಾಪುರದ ದ್ರಾಕ್ಷಿ ಇದೆ, ಡಿಸೆಂಬರ್‌ನಲ್ಲಿ ಅವರೆಕಾಯಿ ಹೊಲ ಇದೆ. ಪರಿಚಯದ ರೈತರನ್ನ ಕೇಳಿ ಮಕ್ಕಳನ್ನ ಬಿಡಿ.

ಬಸವನಗುಡಿ_ಬಿಸಿಲು

ಅವರೆಕಾಯಿ ಹೊಲ! ಇದು ಹೊಳೆದೇ ಇರಲಿಲ್ಲ. ಸೊಗಡಿಗೆ ಕೈಯೆಲ್ಲ ಅಂಟಂಟು ಆಗುತ್ತಲ್ಲ, ಅದು ಮಗನಿಗೆ ಗೊತ್ತಾಗ್ಬೇಕು.

ಗಂಧದಕೊರಡು

ತಂದ ಮೇಲೆ ಹಾಳಾಗೋದಕ್ಕೆ ಏನು ಮಾಡ್ತೀರಿ? ಎಷ್ಟು ದಿನ ಅಂತ ಹಾಗೇ ತಿನ್ನೋದು.

ಕಸಿಗಾರ

ಹೊರಗೆ ಇಟ್ರೆ ಮ್ಯಾಕಿಂಟಾಷ್ ಒಂದು ವಾರಕ್ಕೆ ಮೆತ್ತಗಾಗುತ್ತೆ. ತೊಳೆಯದೆ ಫ್ರಿಜ್‌ನಲ್ಲಿಡಿ, ಪೆಟ್ಟು ಬಿದ್ದಿದ್ದನ್ನ ಬೇರೆ ಮಾಡಿ ಮೊದಲು ಮುಗಿಸಿ. ಸೇಬಿನಿಂದ ಎಥಿಲೀನ್ ಅನಿಲ ಬರುತ್ತೆ, ಪಕ್ಕದಲ್ಲಿ ಕೊತ್ತಂಬರಿ ಸೊಪ್ಪು ಇಟ್ರೆ ಅದು ಬೇಗ ಹಳದಿ ಆಗುತ್ತೆ.

ಅಡಿಕೆತೋಟದ_ಹುಡುಗಿ

ನಮ್ಮನೆಯಲ್ಲಿ ಸೇಬಿನ ಮೆಣಸ್ಕಾಯಿ (ಹುಳಿ, ಸಿಹಿ, ಖಾರ ಸೇರಿದ ಗೊಜ್ಜು) ಮಾಡ್ತೀವಿ, ಒಂದು ಹಣ್ಣೂ ಹಾಳಾಗಲ್ಲ. ಎರಡು ಸೇಬಿಗೆ ಒಂದು ಚಮಚ ಎಳ್ಳು, ಒಂದು ಚಮಚ ಉದ್ದಿನಬೇಳೆ, ಐದಾರು ಬ್ಯಾಡಗಿ ಮೆಣಸು, ನಾಲ್ಕು ಕಾಳು ಮೆಂತ್ಯ ಹುರಿದು, ಅರ್ಧ ಬಟ್ಟಲು ಕಾಯಿತುರಿ ಜೊತೆ ರುಬ್ಬಿ. ಹುಣಸೆರಸ, ಬೆಲ್ಲ, ಉಪ್ಪು, ಅರಿಶಿನ ಹಾಕಿ ಮಸಾಲೆ ಮೊದಲು ಕುದಿಸ್ಕೊಳ್ಳಿ, ಸೇಬಿನ ಹೋಳು ಕೊನೆಗೆ. ಮೊದಲೇ ಹಾಕಿದ್ರೆ ಕರಗಿ ಪಾಯಸ ಆಗುತ್ತೆ. ಕಾರ್ಟ್‌ಲ್ಯಾಂಡ್, ಎಂಪೈರ್ ಥರ ಗಟ್ಟಿ ಹಣ್ಣು ಒಳ್ಳೇದು. ಹುಳಿ ಗ್ರಾನಿ ಸ್ಮಿತ್ ಸಿಕ್ಕಿದ್ರೆ ತುರಿದು ಮಾವಿನಕಾಯಿ ಚಿತ್ರಾನ್ನದ ಹಾಗೇ ಮಾಡಬಹುದು, ಯುಗಾದಿಗೆ ಮಾವಿನಕಾಯಿ ಸಿಗದ ವರ್ಷ ನಾನು ಹಾಗೇ ಮಾಡಿದ್ದು.

ಕಸಿಗಾರ

ಒಂದು ತಿದ್ದುಪಡಿ: ಗ್ರಾನಿ ಸ್ಮಿತ್‌ಗೆ ಉದ್ದನೆ ಬೇಸಿಗೆ ಬೇಕು, ಮ್ಯಾಸಚೂಸೆಟ್ಸ್ ತೋಟಗಳಲ್ಲಿ ಅಪರೂಪ. ಅಲ್ಲಿ ಹುಳಿ ಹಸಿರು ಸೇಬು ಬೇಕಂದ್ರೆ ರೋಡ್ ಐಲ್ಯಾಂಡ್ ಗ್ರೀನಿಂಗ್ ಅನ್ನೋ ಹಳೇ ತಳಿ ಕೇಳಿ, ಅಕ್ಟೋಬರ್‌ನಲ್ಲಿ ಬರುತ್ತೆ. ಚಿತ್ರಾನ್ನಕ್ಕೆ ಹೊಂದುತ್ತೆ, ಮಾಡಿ ನೋಡಿದೀನಿ.

ತಿಪಟೂರು_ಸೊಸೆ

ಹೋಗಿ ಬಂದ್ವಿ! ಮಂಗಳವಾರ ಯಜಮಾನರು ಅರ್ಧ ದಿನ ರಜೆ ಹಾಕಿದ್ರು. ಚಿಕ್ಕ ತೋಟ, ಬಂಡಿ ಗಿಂಡಿ ಏನಿಲ್ಲ. ಗೇಟಲ್ಲಿದ್ದ ಅಜ್ಜ ಒಬ್ಬರು ಅತ್ತೆ ಕುಂಟೋದನ್ನ ನೋಡಿ ಮೊದಲ ಸಾಲಿನ ಪಕ್ಕಕ್ಕೇ ಕಾರು ತರೋಕೆ ಹೇಳಿದ್ರು, ಮಡಚೋ ಕುರ್ಚಿ ತಂದುಕೊಟ್ರು. ಒಂದೇ ಪೆಕ್ ಚೀಲ ತಗೊಂಡ್ವಿ.

ಅತ್ತೆ ಕುರ್ಚಿಯಲ್ಲಿ ಕೂತಿದ್ದು ಎರಡು ನಿಮಿಷ. ಎದ್ದು ಮರದ ಬುಡಕ್ಕೆ ಹೋಗಿ ಕಸಿ ಕಟ್ಟಿದ ಗಂಟು ಎಲ್ಲಿದೆ ಅಂತ ಬಗ್ಗಿ ನೋಡಿದ್ರು, ಕೈಯಿಂದ ಮುಟ್ಟಿ ನೋಡಿದ್ರು. ನಾನು ಕಸಿಗಾರರು ಬರೆದಿದ್ದನ್ನ ಓದಿ ಹೇಳಿದ್ದೆ. ಆ ಗಂಟು ಕಡ್ಡಿ ಹುಡುಕಿ, ಅದರ ತುದಿಯ ಮೊಗ್ಗನ್ನ ಮಗಳ ಬೆರಳಿಗೆ ಮುಟ್ಟಿಸಿದ್ರು. "ಇದು ಮುಂದಿನ ವರ್ಷದ್ದು ಕಣವ್ವ, ಮಲಗಿದೆ, ಎಬ್ಬಿಸಬೇಡ. ಕೀಳಬೇಡ, ಬಿಡಿಸು" ಅಂದ್ರು. ಮಗಳು ಎರಡೂ ಕೈಯಲ್ಲಿ ಹಣ್ಣು ಹಿಡ್ಕೊಂಡು, ಉಸಿರು ಬಿಗಿಹಿಡಿದು, ಮೇಲಕ್ಕೆತ್ತಿ ತಿರುಗಿಸಿದಳು. ತೊಟ್ಟು, ಒಂದು ಎಲೆ ಸಮೇತ ಬಂತು. ಅದನ್ನ ಚೀಲಕ್ಕೆ ಹಾಕೋಕೆ ಬಿಡಲಿಲ್ಲ, ಕೈಯಲ್ಲೇ ಇಟ್ಕೊಂಡು ಮನೆಗೆ ತಂದಳು.

ಮಗ ಒಂದೇ ಹಣ್ಣನ್ನ ಚೀಲಕ್ಕೆ ಹಾಕೋದು, ತೆಗೆಯೋದು, ಹಾಕೋದು, ಅಷ್ಟನ್ನೇ ಅರ್ಧ ಗಂಟೆ ಮಾಡಿದ. ಮನೆಗೆ ಬಂದು ಹಣ್ಣು ಬೇಯಿಸಿ ತಿನ್ನಿಸಿದೆ. ಸೈಡರ್ ಕೇಳಿಯೇ ತಗೊಂಡ್ವಿ, ಪಾಶ್ಚರೀಕರಿಸಿದ್ದೇ. ಅಕ್ಕ ಹೇಳಿದ ಹಾಗೆ ಸ್ನಾನ ಮಾಡಿಸೋವಾಗ ನೋಡಿದ್ರೆ ಯಜಮಾನರ ಕಾಲುಚೀಲದ ಮೇಲೆ ಒಂದು ಉಣ್ಣೆ ಹತ್ತಿತ್ತು, ಕಚ್ಚಿರಲಿಲ್ಲ. ಮಕ್ಕಳ ಮೈಮೇಲೆ ಏನೂ ಇರಲಿಲ್ಲ.

ಅತ್ತೆ ಈಗ ದಿನಾ ಕೇಳ್ತಿದ್ದಾರೆ, ಈ ಮರ ತಿಪಟೂರಲ್ಲಿ ಬರುತ್ತಾ ಅಂತ.

ಅವಳಿಜವಳಿ_ಅಮ್ಮ

ಓದಿ ಕಣ್ಣು ತುಂಬಿ ಬಂತು. ಅತ್ತೆಯವರಿಗೆ ನಮ್ಮ ನಮಸ್ಕಾರ ತಿಳಿಸಿ.

ಕಸಿಗಾರ

ಅವರಿಗೆ ಹೇಳಿ: ಅವರು ನೋಡಿದ ತಳಿಗಳು ಅಲ್ಲಿ ಬರಲ್ಲ. ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಕ್ಕದಿದ್ರೆ ಆ ಮೊಗ್ಗು ಏಳೋದೇ ಇಲ್ಲ. ಕಡಿಮೆ ಚಳಿ ಸಾಕಾಗೋ ಅನ್ನಾ, ಎಚ್‌ಆರ್‌ಎಂಎನ್-99 ಅಂತ ತಳಿಗಳಿವೆ. ಎರಡನೇದು ಹಿಮಾಚಲದ ಬಿಲಾಸ್ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ್ದು. ಕರ್ನಾಟಕದಲ್ಲೂ ಕೆಲವರು ಹಾಕಿದ್ದಾರೆ. ತೆಂಗಿನ ನೆರಳು ಬೀಳದ ಜಾಗ ಇದ್ರೆ ಎರಡು ಸಸಿ ನೆಟ್ಟು ನೋಡಲಿ.

ಹಳ್ಳಿಮನೆ77

@ತಿಪಟೂರು_ಸೊಸೆ ಆ ತೋಟ ಯಾವ ಊರಲ್ಲಿದೆ ಅಂತ ನಂಗೊಂದು ಸಂದೇಶ ಹಾಕ್ತೀರಾ? ಶನಿವಾರ ಅಲ್ಲ, ವಾರದ ದಿನವೇ ಹೋಗ್ತೀವಿ.

ತಿಪಟೂರು_ಸೊಸೆ

ಹಾಕಿದೀನಿ ನೋಡಿ ಸರ್. @ಅಡಿಕೆತೋಟದ_ಹುಡುಗಿ ಮೆಣಸ್ಕಾಯಿಗೆ ಬೆಲ್ಲ ಎಷ್ಟು ಅಂತ ಬರೆದಿಲ್ಲ ನೀವು, ಅತ್ತೆ ಒಲೆ ಮುಂದೆ ನಿಂತಿದ್ದಾರೆ.

ಅಡಿಕೆತೋಟದ_ಹುಡುಗಿ

ಗೋಲಿ ಗಾತ್ರದ ಎರಡು ಉಂಡೆ. ಹಣ್ಣು ಸಿಹಿ ಇದ್ರೆ ಒಂದೇ ಸಾಕು.